ಹುಳಿ ಹಾಕಿ ಬೇಯಿಸಿದ ಸಕ್ಕರೆ

“ಎಂಜ್ಲು ಬಳಿಯೋ ಮನೆಗೆ ಡಿಗ್ರಿ ಕಾಗ್ದ ಬರಲ್ಲ ಕಣೇ ನಾಗಿ. ಬಂದ್ರೂ ನಿಲ್ಲಲ್ಲ” ಎಂದವಳು ನಮ್ಮ ಓಬಳಮ್ಮತ್ತೆ, ಅಪ್ಪನ ಅಕ್ಕ. ಬೇರೆ ಯಾರಾದರೂ ಹಾಗೆ ಅಂದಿದ್ದರೆ ಜಗಳಕ್ಕೆ ಹೋಗುತ್ತಿದ್ದೆ. ಅತ್ತೆ ಅಂದಾಗ ಅವಳ ಕೈಯಲ್ಲಿ ಉಂಡು ಬಿಟ್ಟ ಎಲೆಗಳ ಕಂತೆ ಇತ್ತು, ಮೊಣಕೈವರೆಗೆ ಸಾರು ಇಳಿದಿತ್ತು.

ಅಷ್ಟು ಹೊತ್ತಿಗೆ ನಾನು ಬಿ.ಎಸ್ಸಿ. ಮುಗಿಸಿದ್ದೆ. ಆದರೆ ಅತ್ತೆ ಅದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಕೊರೋನಾ ಕಾಲದ ಓದು, ಸರ್ಟಿಫಿಕೇಟು ಅಂಚೆಯಲ್ಲಿ ಬಂದಿತ್ತು. “ಕರೆಂಟ್ ಬಿಲ್ ಬಂದಂಗೆ ಬಂತು. ಯಾರೂ ಕೈಯೆತ್ತಿ ಕೊಡ್ಲಿಲ್ಲ, ಯಾರೂ ನೋಡ್ಲಿಲ್ಲ. ಅದೂ ಒಂದು ಡಿಗ್ರಿನಾ?” ಎಂದು ಅದನ್ನು ಅಕ್ಕಿ ಡಬ್ಬದ ಮೇಲಿಟ್ಟಳು. ಹಾಗಾಗಿ ವಿಶಾಖಪಟ್ಟಣದಲ್ಲಿ ಎಂ.ಎಸ್ಸಿ. ಸೀಟು ಸಿಕ್ಕಾಗ ನಾನು ಮನಸ್ಸಿನಲ್ಲೇ ಒಂದು ಹಟ ಹಿಡಿದೆ. ಈ ಸಲದ ಕಾಗದವನ್ನು ಯಾರಾದರೂ ಕೈಯೆತ್ತಿ ಕೊಡಬೇಕು, ಅದನ್ನು ಅತ್ತೆ ಕಣ್ಣಾರೆ ನೋಡಬೇಕು.

ಇದೆಲ್ಲ ಮತ್ತೆ ತಲೆಗೆ ಬಂದದ್ದು ಕಳೆದ ತಿಂಗಳು. ವಿಜಯವಾಡದಿಂದ ಹೊರಟ ರೈಲು ಅನಕಾಪಲ್ಲಿಯ ಹೊರಗೆ ಸಿಗ್ನಲ್‌ಗೆ ನಿಂತಿತು. ಕಿಟಕಿಯಿಂದ ಬೆಲ್ಲದ ವಾಸನೆ ಒಳಗೆ ಬಂತು. ಎದುರು ಕೂತಿದ್ದ ಹೆಂಗಸು ಮೂಗರಳಿಸಿ “ಬೆಲ್ಲಂ ವಾಸನ, ಎಂತ ಬಾಗುಂದೋ!” ಎಂದಳು, ಎಷ್ಟು ಚೆನ್ನಾಗಿದೆ ಎಂದು. ನಾನು ಎದ್ದು ಕಿಟಕಿ ಮುಚ್ಚಿದೆ. ಆಕೆ ನನ್ನನ್ನು ಹುಚ್ಚಿಯ ಹಾಗೆ ನೋಡಿದಳು. ಅವಳಿಗೆ ಮೇಲಿನ ವಾಸನೆ ಮಾತ್ರ ಗೊತ್ತು. ಅದರ ಕೆಳಗಿರುವುದು ನನಗೆ ಗೊತ್ತು: ಹುಳಿತ ಕಬ್ಬಿನ ರಸ, ಅದರ ನೊರೆ, ಅದರಲ್ಲಿ ಸತ್ತ ನೊಣ. ಒಂದಿಡೀ ವರ್ಷ ಆ ವಾಸನೆ ನನ್ನ ಕೂದಲಲ್ಲಿತ್ತು. ಅದೊಂದೇ ಆಗಿದ್ದರೆ ತಲೆಗೆ ನೀರು ಹಾಕಿಕೊಂಡಾಗ ಹೋಗುತ್ತಿತ್ತು.

ನಮ್ಮದು ಪಾವಗಡದ ಕಡೆ. ಕರ್ನಾಟಕದಿಂದ ವಿಜಯವಾಡಕ್ಕೆ ವರ್ಗವಾಗಿ ಬಂದ ಬ್ಯಾಂಕಿನ ಅಧಿಕಾರಿಯೊಬ್ಬರು ತೆಲುಗರ ಖಾರ ತಡೆಯಲಾರದೆ ಅಪ್ಪನನ್ನು ಅಡುಗೆಗೆ ಕರೆತಂದರು. ಅವರು ವರ್ಗವಾಗಿ ಹೋದರೂ ಅಪ್ಪ ಉಳಿದ. ಅದೇ ಊರಿನ ಭವಾನಿಪುರಂನಲ್ಲಿ ಒಂದು ಮೆಸ್ಸು ಆಯಿತು, ಹೆಂಡತಿ ಮಕ್ಕಳನ್ನು ಊರಲ್ಲಿ ಬಿಟ್ಟು ಬಂದ ಕನ್ನಡದ ಬ್ಯಾಂಕಿನವರೆಲ್ಲ ಅಲ್ಲೇ ಊಟ. ಅವ್ವ ನಾನು ಚಿಕ್ಕವಳಿದ್ದಾಗಲೇ ತೀರಿಕೊಂಡಿದ್ದಳು. ಗಂಡನನ್ನು ಹೆಂಡಕ್ಕೆ ಕಳೆದುಕೊಂಡ ಓಬಳಮ್ಮತ್ತೆ ಬಂದು ಸೇರಿಕೊಂಡಳು. ಅಪ್ಪ ಬೇಯಿಸುವುದು, ಅತ್ತೆ ಎಲೆ ಎತ್ತುವುದು, ನಾನು ಹಿಂದಿನ ಮೆಟ್ಟಿಲ ಮೇಲೆ ಕೂತು ಓದುವುದು.

ನನ್ನ ಎಂ.ಎಸ್ಸಿ. ಕಾಲೇಜು ವಿಶಾಖಪಟ್ಟಣದ ಅಂಚಿನ ಮಧುರವಾಡದಲ್ಲಿತ್ತು. ಸುತ್ತ ಕಟ್ಟುತ್ತಿದ್ದ ಅಪಾರ್ಟ್‌ಮೆಂಟುಗಳ ಸಿಮೆಂಟು ಧೂಳು, ಕಡಲ ಕಡೆಯಿಂದ ಬರುವ ಉಪ್ಪು ಗಾಳಿ. ಗೋಡೆ, ಪುಸ್ತಕ, ಚಪ್ಪಲಿ ಎಲ್ಲದಕ್ಕೂ ಬೂಷ್ಟು. ನಮ್ಮ ಪ್ರಾಜೆಕ್ಟಿನ ಗೈಡು ಮೊದಲ ದಿನವೇ ನನ್ನ ಅರ್ಜಿ ನೋಡಿ, “ಏಮ್ಮಾ, ಮೀ ನಾನ್ನ ವಂಟಮನಿಷಾ?” ಎಂದು ಕೇಳಿದರು. ನಿಮ್ಮಪ್ಪ ಅಡುಗೆಯವನಾ ಎಂದು. ಹೌದು ಸಾರ್ ಎಂದೆ. ಲ್ಯಾಬಿನಲ್ಲಿದ್ದವರು ತಲೆಯೆತ್ತಿ ನೋಡಿದರು. “ಹಾಗಾದರೆ ಕುಕ್ಕರು ನಿನಗೇ. ನಿನ್ನ ರಕ್ತದಲ್ಲೇ ಇದೆ” ಎಂದರು. ಎಲ್ಲರೂ ನಕ್ಕರು. ನಮ್ಮ ಮಾತೆಲ್ಲ ತೆಲುಗಿನಲ್ಲಿ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಆ ನಗು ಮಾತ್ರ ಯಾವ ಭಾಷೆಯಲ್ಲೂ ಒಂದೇ.

ಕುಕ್ಕರು ಅಂದರೆ ಆಟೋಕ್ಲೇವು, ಸೊಂಟದೆತ್ತರದ ಪ್ರೆಶರ್ ಕುಕ್ಕರು. ನಮ್ಮ ಲ್ಯಾಬಿನಲ್ಲಿ ಬೆಳೆಸುತ್ತಿದ್ದುದು ಯೀಸ್ಟು, ಹಿಟ್ಟು ಹೆಂಡ ಹುಳಿಸುವ ಸೂಕ್ಷ್ಮಜೀವಿ; ಅದಕ್ಕೆ ಹಾಕುವ ಊಟವನ್ನು ಈ ಕುಕ್ಕರಿನಲ್ಲೇ ಬೇಯಿಸಬೇಕು. ಆ ಊಟವನ್ನು ಹೆಪ್ಪುಗಟ್ಟಿಸಿ ಯೀಸ್ಟು ಬೆಳೆಸುವ ಪ್ಲೇಟುಗಳ ಕೆಲಸ ಮುಗಿದರೆ, ಅವುಗಳ ಮೇಲೆ ಬೆಳೆದದ್ದನ್ನೂ ಬಿಸಾಡುವ ಮೊದಲು ಅದರಲ್ಲೇ ಬೇಯಿಸಿ ಕೊಲ್ಲಬೇಕು. ಎರಡನೆಯದರ ವಾಸನೆ ಹೇಳಲಾರೆ. ಹಳಸಿದ ಸಾರಿಗೆ ಒದ್ದೆ ನಾಯಿಯ ಮೈ ಬೆರೆಸಿದ ಹಾಗೆ. ಬೇರೆಯವರು ಸರದಿಯ ಮೇಲೆ ಮಾಡುತ್ತಿದ್ದ ಆ ಕೆಲಸ ನಾನು ಬಂದ ಮೇಲೆ ನನ್ನೊಬ್ಬಳದಾಯಿತು. ಅದೇ ಲ್ಯಾಬಿನ ಫ್ರಿಜ್ಜಿನಲ್ಲಿ, ಯೀಸ್ಟಿನ ಸೀಸೆಗಳ ಪಕ್ಕದಲ್ಲಿ, ಗೈಡಿನ ಟಿಫಿನ್ ಡಬ್ಬಿ ಮತ್ತು ಗೋಂಗೂರ ಉಪ್ಪಿನಕಾಯಿ ಇರುತ್ತಿತ್ತು. ಉಪ್ಪಿನಕಾಯಿ ತಿಂದ ಬೆರಳಲ್ಲೇ ಸೀಸೆ ಎತ್ತಿ ಬೆಳಕಿಗೆ ಹಿಡಿದು ನೋಡುತ್ತಿದ್ದರು.

ಕೆಲಸ ಮಾತ್ರ ಚೆಂದದ್ದು, ಅದನ್ನು ಹೇಳಲೇಬೇಕು. ನಾವು ಚಹಕ್ಕೆ ಹಾಕುವ ಸಕ್ಕರೆ ಒಂದು ಜೋಡಿ. ಗ್ಲೂಕೋಸು, ಫ್ರಕ್ಟೋಸು ಎಂಬ ಎರಡು ಚಿಕ್ಕ ಸಕ್ಕರೆಗಳು ಅಂಟಿಕೊಂಡು ಆದದ್ದು. ಸಾಮಾನ್ಯವಾಗಿ ಯೀಸ್ಟು ಈ ಜೋಡಿಯನ್ನು ಹಾಗೇ ನುಂಗುವುದಿಲ್ಲ. ಇನ್ವರ್ಟೇಸ್ ಎಂಬ ಕಿಣ್ವವನ್ನು ತನ್ನ ಗೋಡೆಯವರೆಗೆ ಕಳಿಸಿ, ಹೊರಗಡೆಯೇ ಕತ್ತರಿಸಿ, ಆಮೇಲೆ ಒಳಗೆ ಎಳೆದುಕೊಳ್ಳುತ್ತದೆ. ಕತ್ತರಿಸಿದ್ದರಲ್ಲಿ ಬಹುಪಾಲು ನೀರಲ್ಲಿ ಹರಡಿ ಅಕ್ಕಪಕ್ಕದವರ ಪಾಲಾಗುತ್ತದೆ. ಆ ಕಿಣ್ವವನ್ನು ಮಾಡಿಸುವ ವಂಶವಾಹಿಗೆ ಸಕ್ ಜೀನು ಎನ್ನುತ್ತಾರೆ. ಕೆಲವು ತಳಿಗಳಲ್ಲಿ ಅದು ಒಂದೇ ಇರುತ್ತದೆ, ಕೆಲವುಗಳಲ್ಲಿ ವರ್ಣತಂತುಗಳ ತುದಿಗಳಲ್ಲಿ ಇನ್ನೂ ಕೆಲವು ಪ್ರತಿಗಳಿರುತ್ತವೆ. ಒಂದೂ ಇಲ್ಲದ ತಳಿಗಳೂ ಉಂಟು, ನೆರೆಯವರು ಕತ್ತರಿಸಿದ್ದನ್ನು ತಿಂದು ಬದುಕುತ್ತವೆ. ಬೆಲ್ಲದ ಅಂಗಳದ ಯೀಸ್ಟುಗಳಲ್ಲಿ ಯಾವುದಕ್ಕೆ ಎಷ್ಟು ಸಕ್ ಇದೆ ಎಂದು ನೋಡುವುದು ನನ್ನ ಪ್ರಾಜೆಕ್ಟು.

ಅದಕ್ಕಾಗಿ ಅನಕಾಪಲ್ಲಿಯ ಆಸುಪಾಸಿನ ಆಲೆಮನೆಗಳಿಗೆ ಹೋಗುತ್ತಿದ್ದೆ. ಸಂಕ್ರಾಂತಿಗೆ ಮುಂಚಿನ ದಿನಗಳು. ಜೊತೆಗೆ ಶ್ರೀಲತಕ್ಕ, ಅದೇ ಗೈಡಿನ ಕೈಕೆಳಗೆ ಪಿಎಚ್.ಡಿ. ಮಾಡುತ್ತಿದ್ದವಳು. ಕೊಪ್ಪರಿಗೆಯ ನೊರೆ ತೆಗೆದು ಸುರಿಯುವ ಗುಂಡಿಯ ಅಂಚಲ್ಲಿ ನಾನು ಕೂತು ಹತ್ತಿಯಲ್ಲಿ ಒರೆಸಿ ಒರೆಸಿ ಕೊಳವೆಗೆ ಹಾಕುತ್ತಿದ್ದೆ, ಅವಳು ದುಪಟ್ಟಾದಿಂದ ಮೂಗು ಮುಚ್ಚಿಕೊಂಡು ದೂರದಿಂದ ನಂಬರು ಹೇಳುತ್ತಿದ್ದಳು. ಕಣಜಗಳು, ಕಾಲಿಗೆ ಅಂಟುವ ಕರಿ ಕೆಸರು. ವಾಪಸು ಬರುವಾಗ ಗೈಡಿನ ಮನೆಗೆ ಹಬ್ಬದ ಬೆಲ್ಲದ ಅಚ್ಚು ಹೊತ್ತು ತರುವುದೂ ನನ್ನದೇ ಪ್ರಾಜೆಕ್ಟು. ಹಬ್ಬಕ್ಕೆ ಭವಾನಿಪುರಂಗೆ ಹೋದರೆ ಅತ್ತೆ ಬಾಗಿಲಲ್ಲೇ ತಡೆದಳು. “ನಿಂತ್ಕೋ ಅಲ್ಲೇ! ಹೆಂಡ್ದಂಗಡಿ ಹೊಕ್ಕು ಬಂದಂಗೆ ನಾರ್ತಾ ಇದ್ದೀಯ. ನಿಮ್ಮಾವ ಹಿಂಗೇ ನಾರ್ತಿದ್ದ. ಇದನ್ನ ಕಲಿಯಾಕ್ಕೆ ಅಷ್ಟು ದೂರ ಹೋಗ್ಬೇಕಾ?” ಹಿತ್ತಲಲ್ಲಿ ಸ್ನಾನ ಮಾಡಿದ ಮೇಲೇ ಒಳಗೆ ಬಿಟ್ಟಳು.

ಹಾಗೆ ತಂದ ಯೀಸ್ಟುಗಳಲ್ಲಿ ಹದಿನಾಲ್ಕನೆಯದು ವಿಚಿತ್ರವಾಗಿತ್ತು. ಪರೀಕ್ಷೆಯಲ್ಲಿ ಅದಕ್ಕೆ ಸಕ್ ಜೀನು ಒಂದೂ ಇಲ್ಲವೆಂದು ಬಂತು. ಆದರೂ ಬರೀ ಸಕ್ಕರೆ ಹಾಕಿದ ಪ್ಲೇಟಿನ ಮೇಲೆ ಬೆಳೆಯುತ್ತಿತ್ತು. ಗೈಡು ಕುರ್ಚಿಯಿಂದ ಎದ್ದೇ ನಿಂತರು. “ಹೊಸ ಜೀನು! ಯಾರಿಗೂ ಗೊತ್ತಿಲ್ಲದ ಜೀನು!” ಎಂದು ಶ್ರೀಲತಕ್ಕನ ಬೆನ್ನು ತಟ್ಟಿದರು. ಗುಂಡಿಯ ಅಂಚಲ್ಲಿ ಕೂತವಳು ಹಿಂದೆ ಪ್ಲೇಟು ತೊಳೆಯುತ್ತಿದ್ದಳು.

ನನಗೂ ಖುಷಿಯಾಗಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಬೇಯಿಸುವವಳು ನಾನೊಬ್ಬಳೇ ಆದ್ದರಿಂದ ಒಂದು ಸಂಗತಿ ನನ್ನ ಕಣ್ಣಿಗೆ ಮಾತ್ರ ಬೀಳುತ್ತಿತ್ತು. ಬ್ಯಾಕ್ಟೀರಿಯಾ ಬಾರದಿರಲೆಂದು ನಮ್ಮ ಲ್ಯಾಬಿನಲ್ಲಿ ಯೀಸ್ಟಿನ ಊಟಕ್ಕೆ ಹುಳಿ, ಅಂದರೆ ಆಸಿಡ್ಡು ಹಾಕುತ್ತಿದ್ದರು. ಬೇಯಿಸಿ ಆರಿದ ಮೇಲೆ ಹಾಕಬೇಕಾದ್ದನ್ನು, ರಗಳೆ ಯಾಕೆಂದು, ಸಕ್ಕರೆಯ ಜೊತೆಗೇ ಕುಕ್ಕರಿಗೆ ಹಾಕುವುದು ಅಲ್ಲಿನ ಹಳೆಯ ರೂಢಿ. ಹಾಗೆ ಬೇಯಿಸಿದರೆ ಊಟ ಗಟ್ಟಿಯಾಗದೆ ಸಿಂಬಳದ ಹಾಗೆ ಲೋಳೆಲೋಳೆಯಾಗುತ್ತಿತ್ತು. ಅದಕ್ಕೂ ಉಪಾಯ ಕಂಡುಕೊಂಡಿದ್ದರು: ಗಟ್ಟಿ ಮಾಡುವ ಅಗರ್ ಪುಡಿಯನ್ನು ಇನ್ನಷ್ಟು ಸುರಿಯುವುದು. ಯಾಕೆ ಲೋಳೆಯಾಯಿತೆಂದು ಯಾರೂ ಕೇಳಿರಲಿಲ್ಲ.

ಒಂದು ಮಧ್ಯಾಹ್ನ ಕುಕ್ಕರಿನ ಮುಚ್ಚಳ ತೆಗೆದೆ. ಸೀಸೆಯೊಳಗಿನ ಊಟ ಕಂದುಬಣ್ಣಕ್ಕೆ ತಿರುಗಿತ್ತು, ವಾಸನೆ ಮೂಗಿಗೆ ಬಂತು. ಮೆಸ್ಸಿನ ಬಾದೂಷಾದ ಪಾಕದ ವಾಸನೆ. ಪಾಕ ಮತ್ತೆ ಹರಳುಗಟ್ಟಬಾರದೆಂದು ಕುದಿಯುವಾಗ ನಿಂಬೆಹುಳಿ ಹಿಂಡುತ್ತಾರೆ. ಯಾಕೆ ಎಂದು ಬಿ.ಎಸ್ಸಿ.ಯಲ್ಲಿ ಓದಿದ್ದೆ: ಹುಳಿ ಮತ್ತು ಕಾವು ಸೇರಿದರೆ ಸಕ್ಕರೆಯ ಜೋಡಿ ಒಡೆಯುತ್ತದೆ. ಓದಿದ್ದು ಬೇರೆ ಕಪಾಟಿನಲ್ಲಿತ್ತು, ಮೂಗು ಬೇರೆ ಕಪಾಟಿನಲ್ಲಿತ್ತು. ಆ ಹೊತ್ತು ಎರಡೂ ಒಟ್ಟಿಗೆ ತೆರೆದವು. ಹದಿನಾಲ್ಕನೆಯ ಯೀಸ್ಟು ಸಕ್ಕರೆಯನ್ನು ಕತ್ತರಿಸುತ್ತಲೇ ಇಲ್ಲ. ನಾವೇ ಕುಕ್ಕರಿನಲ್ಲಿ ಕತ್ತರಿಸಿ ಬಡಿಸುತ್ತಿದ್ದೇವೆ.

ಗ್ಲೂಕೋಸು ಪರೀಕ್ಷಿಸುವ ಕಿಟ್ಟು ಗೈಡಿನ ಬೀರುವಿನೊಳಗೆ ಬೀಗದಲ್ಲಿತ್ತು. ನಾನು ಮೆಡಿಕಲ್ ಶಾಪಿಗೆ ಹೋಗಿ ಮೂತ್ರದಲ್ಲಿ ಸಕ್ಕರೆ ನೋಡುವ ಪಟ್ಟಿಗಳನ್ನು ತಂದೆ. ಅವು ಗ್ಲೂಕೋಸಿಗೆ ಬಣ್ಣ ತಿರುಗುತ್ತವೆ, ಒಡೆಯದ ಸಕ್ಕರೆಗೆ ತಿರುಗುವುದಿಲ್ಲ. ಯೀಸ್ಟನ್ನೇ ಹಾಕದ, ಆಗಷ್ಟೇ ಬೆಂದ ಊಟಕ್ಕೆ ಅದ್ದಿದೆ. ನೋಡುನೋಡುತ್ತಲೇ ಪಟ್ಟಿ ಕಡುಹಸಿರಾಯಿತು. ಆಮೇಲೆ ಶ್ರೀಲತಕ್ಕನ ಹತ್ತಿರ ಸಣ್ಣ ಕಣ್ಣಿನ ಸೋಸುಕ ಕೇಳಿ ಪಡೆದು, ಸಕ್ಕರೆ ನೀರನ್ನು ಬೇಯಿಸದೆ ತಣ್ಣಗೇ ಸೋಸಿ, ಹುಳಿಯನ್ನೂ ಆಮೇಲೆ ಬೆರೆಸಿ ಬೇರೆ ಪ್ಲೇಟುಗಳನ್ನು ಮಾಡಿದೆ. ಸಕ್ ಇರುವ ಯೀಸ್ಟುಗಳೆಲ್ಲ ಅದರ ಮೇಲೆ ಬೆಳೆದವು. ಹದಿನಾಲ್ಕು ಬೆಳೆಯಲಿಲ್ಲ.

ಶ್ರೀಲತಕ್ಕ ಎರಡೂ ಪ್ಲೇಟುಗಳನ್ನು ಬಹಳ ಹೊತ್ತು ನೋಡಿದಳು. “ನಾಗವೇಣಿ, ನನಗೆ ಮದುವೆ ಗೊತ್ತಾಗಿದೆ. ಥೀಸಿಸ್ ಕೊಟ್ಟು ಹೋಗಬೇಕು. ಇದನ್ನು ನಾನು ನೋಡಿಲ್ಲ” ಎಂದು ಪ್ಲೇಟನ್ನು ಬೋರಲು ಹಾಕಿ ಹೊರಟುಹೋದಳು.

ಗೈಡಿನ ಕೋಣೆಗೆ ಹೋದಾಗ ಅವರು ಪೆಸರಟ್ಟು ತಿನ್ನುತ್ತಿದ್ದರು. ಪಟ್ಟಿ ತೋರಿಸಿದೆ.

“ಇದೇನಿದು?”

“ಸ್ಟ್ರಿಪ್ಪು ಸಾರ್. ಗ್ಲೂಕೋಸ್ ನೋಡೋದು.”

“ಎಲ್ಲಿತ್ತು ನಮ್ಮಲ್ಲಿ?”

“ಮೆಡಿಕಲ್ ಶಾಪಲ್ಲಿ ತಂದೆ. ಮೂತ್ರಕ್ಕೆ ಹಾಕೋದು.”

“ಛೀ ಛೀ! ತಿನ್ನುವ ಹೊತ್ತಲ್ಲಿ ಇಂಥದ್ದು ತರ್ತೀಯಾ? ಬುದ್ಧಿ ಉಂದಾ?” ಎಂದು ಡಬ್ಬಿಗೆ ಕೈ ಅಡ್ಡ ಹಿಡಿದರು. ಯಾರ ಮೂತ್ರವನ್ನೂ ಕಾಣದ ಹೊಸ ಪಟ್ಟಿ ಅದು. ನಾನು ಇದ್ದದ್ದೆಲ್ಲ ಹೇಳಿದೆ. ಅವರು ಬೆರಳು ನೆಕ್ಕುತ್ತ ಕೇಳಿದರು. ಕೊನೆಗೆ, “ನೋಡಮ್ಮಾ, ಬೇಯಿಸೋದು ನಿನ್ನ ಕೆಲಸ, ಯೋಚನೆ ನನ್ನದು. ಮುಂದಿನ ವಾರ ವಿಜಯವಾಡದಲ್ಲಿ ಸೆಮಿನಾರು. ಅದು ಮುಗೀಲಿ. ಆಂ, ಊಟದ ವ್ಯವಸ್ಥೆ ನಿಮ್ಮಪ್ಪನಿಗೆ ಹೇಳಿಬಿಡು” ಎಂದರು.

ಸೆಮಿನಾರಿನ ಹಾಲಿನಲ್ಲಿ ಶ್ರೀಲತಕ್ಕ ಹೊಸ ಜೀನಿನ ಬಗ್ಗೆ ಮಾತಾಡಿದಳು. ಪರದೆಯ ಮೇಲೆ ನಾನು ಬೇಯಿಸಿದ ಪ್ಲೇಟಿನ ಫೋಟೊ. ಚಪ್ಪಾಳೆ. ನಾನು ಬಾಗಿಲ ಹತ್ತಿರ ನಿಂತಿದ್ದೆ, ಬಡಿಸಲು ಅಪ್ಪನಿಗೆ ಕೈ ಸಾಲದು ಎಂದು. ಊಟದ ಪಂಕ್ತಿಯಲ್ಲಿ ಗೈಡು ಪಕ್ಕದ ಅತಿಥಿಗಳಿಗೆ ನಮ್ಮನ್ನು ತೋರಿಸಿ, “ಅಪ್ಪ ಇಲ್ಲಿ ಬೇಯಿಸ್ತಾನೆ, ಮಗಳು ನಮ್ಮ ಲ್ಯಾಬಲ್ಲಿ ಬೇಯಿಸ್ತಾಳೆ. ಜೆನೆಟಿಕ್ಸು ಅಂದರೆ ಇದೇ!” ಎಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ಸಾರಿನ ಸೌಟು ಹಿಡಿದಿದ್ದ ಅಪ್ಪನೂ ಕೈ ಜೋಡಿಸಿ ನಕ್ಕ. ಆ ವರ್ಷ ನಾನು ಮುಟ್ಟಿದ ಕೊಳಕೆಲ್ಲ ತೊಳೆದರೆ ಹೋಯಿತು, ಅಪ್ಪನ ಆ ನಗು ಹೋಗಲಿಲ್ಲ.

ಗೈಡು ಹೋಳಿಗೆಯನ್ನು ಮತ್ತೆ ಮತ್ತೆ ಹಾಕಿಸಿಕೊಂಡು, ಎಲ್ಲದರಿಂದಲೂ ಒಂದೊಂದು ತುತ್ತು ಮುರಿದು, ಉಳಿದದ್ದರ ಮೇಲೆಯೇ ಲೋಟದ ನೀರು ಸುರಿದು ಎಲೆಯಲ್ಲೇ ಕೈ ತೊಳೆದು ಎದ್ದರು. ಅತ್ತೆ ಬಗ್ಗಿ ಆ ಎಲೆ ಎತ್ತಿದಳು. ಹೋಳಿಗೆ ನೀರಲ್ಲಿ ಕರಗಿ ಅವಳ ಸೀರೆಗೆ ಸೋರಿತು.

“ಯಾರೇ ಅವ್ನು, ಅನ್ನದ ಮ್ಯಾಲೆ ಕೈ ತೊಳ್ದವ್ನು?”

“ನಮ್ಮ ಗೈಡು ಅತ್ತೆ.”

“ಥೂ! ಅವ್ನ ಕೈಯಾಗಾ ನಿನ್ ಡಿಗ್ರಿ ಇರೋದು?”

ಹೌದು, ಅವನ ಕೈಯಲ್ಲೇ ಇತ್ತು. ಮಧುರವಾಡಕ್ಕೆ ಮರಳಿದ ಮೇಲೆ ಗೈಡು ಕರೆದು ಶ್ರೀಲತಕ್ಕನ ಬರಹವನ್ನೇ ನನ್ನ ಮುಂದೆ ಇಟ್ಟರು. ಹದಿನಾಲ್ಕರ ಅಧ್ಯಾಯವನ್ನು ಇದ್ದ ಹಾಗೇ ನನ್ನ ಪ್ರಾಜೆಕ್ಟಿನ ವರದಿಗೆ ಇಳಿಸಬೇಕು. ಇಬ್ಬರು ಬೇರೆ ಬೇರೆ ನೋಡಿದರು ಅಂತಾಗುತ್ತದೆ, ಹೊಸ ಜೀನಿಗೆ ಬಲ ಬರುತ್ತದೆ. “ಫಸ್ಟ್ ಕ್ಲಾಸು ನನ್ನ ಜವಾಬ್ದಾರಿ. ಇಲ್ಲ ಅಂದರೆ ಸಹಿ ಇಲ್ಲ. ಸಹಿ ಇಲ್ಲದೆ ಪರೀಕ್ಷೆ ಇಲ್ಲ. ನಿಮ್ಮ ಮನೆಯಲ್ಲಿ ನೀನೇ ಮೊದಲು ಕದಾ? ಯೋಚನೆ ಮಾಡು.”

ಯೋಚನೆ ಮಾಡಿದೆ. ಅಪ್ಪನಿಗೆ ಫೋನು ಮಾಡಿದೆ. ಹಿಂದೆ ಒಗ್ಗರಣೆಯ ಸದ್ದು. “ದೊಡ್ಡೋರ ತಾವ ಜಗಳ ಯಾಕವ್ವ ನಮಗೆ? ಅವ್ರು ಹೇಳ್ದಂಗೆ ಬರ್ಕೊಟ್ಟು ಸಹಿ ಹಾಕಿಸ್ಕೊಂಡು ಬಾ” ಎಂದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಇಡೀ ಜೀವಮಾನ ಬೇರೆಯವರ ನಾಲಗೆಗೆ ತಕ್ಕಂತೆ ಉಪ್ಪು ಹಾಕಿದವನು.

ಹಾಸ್ಟೆಲಿನಲ್ಲಿ ಕೂತು ಆ ಅಧ್ಯಾಯವನ್ನು ಇಳಿಸಲು ಶುರುಮಾಡಿದ್ದೂ ನಿಜ. ಕೆಲವು ಸಾಲು ಬರೆದೆ. ‘ಶುದ್ಧ ಸಕ್ಕರೆಯ ಮೇಲೆ ಬೆಳೆಯಿತು’ ಎಂಬ ಮಾತು ಬಂದಾಗ ಪೆನ್ನು ಮುಂದೆ ಹೋಗಲಿಲ್ಲ. ಧರ್ಮ, ಸತ್ಯ ಎಂದೆಲ್ಲ ದೊಡ್ಡ ಮಾತು ಹೊಳೆದು ಅಲ್ಲ. ಹೇಸಿಗೆಯಾಯಿತು, ಅಷ್ಟೆ. ಉಂಡ ಎಲೆಯಲ್ಲಿ ಮತ್ತೆ ಬಡಿಸಿದಾಗ ಆಗುತ್ತದಲ್ಲ, ಹಾಗೆ. ಆ ಹಾಳೆ ಹರಿದು, ಬೇಯಿಸಿದ ಪ್ಲೇಟು, ಸೋಸಿದ ಪ್ಲೇಟು, ಹಸಿರಾದ ಪಟ್ಟಿ, ಮೂರರ ಫೋಟೊಗಳನ್ನೂ ಅಕ್ಕಪಕ್ಕ ಇಟ್ಟು ನಾನು ಕಂಡದ್ದನ್ನು ಬರೆದೆ. ಹದಿನಾಲ್ಕಕ್ಕೆ ಸಕ್ ಇಲ್ಲ, ಹೊಸ ಜೀನೂ ಇಲ್ಲ ಎಂದು.

ಕೊನೆಯ ದಿನದವರೆಗೂ ಗೈಡು ಸಹಿ ಹಾಕಲಿಲ್ಲ. ನಾನು ಅವರ ಕೋಣೆಯ ಹೊರಗಿನ ಬೆಂಚಿನ ಮೇಲೆ ಕೂತೇ ಇದ್ದೆ. ಒಳಗೆ ಹೋಗುವವರು ಬರುವವರು ಅಲ್ಲಿ ನನ್ನನ್ನು ನೋಡುತ್ತಿದ್ದರು. ಸಹಿ ಹಾಕದಿದ್ದರೆ ಯಾಕೆಂದು ಅವರು ಕಾಲೇಜಿಗೆ ಬರೆದುಕೊಡಬೇಕಿತ್ತು, ಬರೆಯಲು ಕಾರಣವಿರಲಿಲ್ಲ. ಸಂಜೆ ಆಫೀಸು ಮುಚ್ಚುವ ಹೊತ್ತಿಗೆ ಕರೆದರು. ವರದಿಯನ್ನು ಬಿಚ್ಚಿಯೂ ನೋಡದೆ ಗೀಚಿ ಮೇಜಿನ ಮೇಲೆ ತಳ್ಳಿದರು. “ಇಂಟರ್ನಲ್ ಮಾರ್ಕು ನನ್ನ ಹತ್ತಿರ ಇದೆ, ಮರೀಬೇಡ.”

ಮೌಖಿಕ ಪರೀಕ್ಷೆಗೆ ಬೇರೆ ಊರಿಂದ ಬಂದ ವಯಸ್ಸಾದ ಮೇಡಂ ಒಬ್ಬರು ವರದಿಯನ್ನು ಪುಟ ಪುಟ ಓದಿಕೊಂಡು ಬಂದಿದ್ದರು. “ಮೊದಲು ಸಕ್ಕರೆಯನ್ನು ಹೇಗೆ ಬೇಯಿಸುತ್ತಿದ್ದಿರಿ?” ಎಂದು ಕೇಳಿದರು. ಹೇಳಿದೆ. ಗೈಡಿನ ಕಡೆ ತಿರುಗಿ, “ಸೆಮಿನಾರಿನಲ್ಲಿ ಹೇಳಿದ್ದು ಇದೇ ಹದಿನಾಲ್ಕೇ?” ಎಂದರು. “ಅದು ಆರಂಭದ ಫಲಿತಾಂಶ ಮೇಡಂ” ಎಂದು ಗೈಡು ಹಲ್ಲು ಕಿರಿದರು. ಅಷ್ಟೇ ಆದದ್ದು. ಸಿಡಿಲು ಬೀಳಲಿಲ್ಲ. ಹೊಸ ಜೀನು ಸೆಮಿನಾರಿನ ಪುಸ್ತಕದಲ್ಲಿ ಇವತ್ತಿಗೂ ಅಚ್ಚಾಗಿಯೇ ಇದೆ. ಮೇಡಂ ಒಳ್ಳೆಯ ಮಾರ್ಕು ಕೊಟ್ಟರು, ಗೈಡು ತಾವು ಹೇಳಿದ ಹಾಗೇ ಇಂಟರ್ನಲ್ ಮಾರ್ಕು ಕತ್ತರಿಸಿದರು. ಸೆಕೆಂಡ್ ಕ್ಲಾಸು ಬಂತು.

ಪದವಿ ಕೊಡುವ ದಿನ ಅಪ್ಪ, ಅತ್ತೆ ಇಬ್ಬರೂ ವಿಜಯವಾಡದಿಂದ ಬಂದರು. ಕಾಲೇಜಿನ ಮೈದಾನದಲ್ಲಿ ಶಾಮಿಯಾನ, ಬೆವರು, ಬಾಡಿಗೆ ಗೌನಿನ ಕಮಟು. ಇನ್ಯಾರೋ ತೊಟ್ಟು ತೊಳೆಯದೆ ಕೊಟ್ಟ ಗೌನು. ಹೆಸರು ಕರೆದರು. ವೇದಿಕೆಯ ಮೇಲೆ ಗೈಡೂ ಸಾಲಿನಲ್ಲಿ ಕೂತಿದ್ದರು, ಫೋನು ನೋಡುತ್ತಿದ್ದರು. ಅತಿಥಿಯೊಬ್ಬರು ಕೈಯೆತ್ತಿ ಕಾಗದ ಕೊಟ್ಟರು. ಕೆಳಗೆ, ಹಿಂದಿನ ಸಾಲಿನಲ್ಲಿ, ಅತ್ತೆ ಕುರ್ಚಿಯ ಮೇಲೆ ಎದ್ದು ನಿಂತಿರುವುದು ಕಾಣಿಸಿತು. ಯಾರೋ ಅವಳನ್ನು ಕೂತುಕೋ ಎಂದು ಗದರುತ್ತಿದ್ದರು.

ಇಳಿದು ಬಂದು ಅತ್ತೆಗೆ ಕಾಗದ ಚಾಚಿದೆ. ಅವಳು ಸೆರಗಿಗೆ ಕೈ ಒರೆಸಿಕೊಂಡಳು, ಮತ್ತೊಮ್ಮೆ ಒರೆಸಿಕೊಂಡಳು, ಆದರೂ ಮುಟ್ಟಲಿಲ್ಲ. “ನೀನೇ ಇಡ್ಕೋ. ನಾನು ನೋಡ್ತೀನಿ” ಎಂದಳು. ನಾನು ಹಿಡಿದುಕೊಂಡು ನಿಂತೆ. ಓದಲು ಬಾರದ ಕಣ್ಣಲ್ಲಿ ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಅಪ್ಪ ಮೆಲ್ಲಗೆ, “ಸೆಕೆಂಡ್ ಕ್ಲಾಸು ಅಕ್ಕ” ಎಂದ, ತಪ್ಪು ತನ್ನದೆಂಬಂತೆ.

“ಆ ಕೈ ತೊಳ್ದವ್ನು ಹೇಳ್ದಂಗೆ ಬರ್ದಿದ್ರೆ?” ಎಂದು ಅತ್ತೆ ನನ್ನನ್ನು ಕೇಳಿದಳು.

“ಫಸ್ಟ್ ಕ್ಲಾಸ್ ಬರ್ತಿತ್ತು ಅತ್ತೆ.”

ಅತ್ತೆ ವೇದಿಕೆಯ ಕಡೆ ಒಮ್ಮೆ ನೋಡಿ, ಶಾಮಿಯಾನದ ಆಚೆ ಮಣ್ಣಿಗೆ ಉಗಿದು ಬಂದಳು.

“ಬ್ಯಾಡ ಬಿಡು. ಅದು ಅವ್ನ ಎಲೇಲಿ ಮಿಕ್ಕಿದ್ದು. ಇಷ್ಟು ವರ್ಸ ಎಲೆ ಎತ್ತೀನಿ ನಾಗಿ, ನಮ್ಮನೇಲಿ ಅದನ್ನ ಯಾರೂ ಉಂಡಿಲ್ಲ.”